ಮನುಕುಲವೆಲ್ಲ ಒಂದು ಗೋಲಿಯಷ್ಟಾದರೆ ಅದರ ತೂಕ ಎಷ್ಟು?

ಪ್ರಶ್ನೆ: ನನ್ನ ಮಗಳು ಹತ್ತನೇ ತರಗತಿ, ಕನ್ನಡ ಮಾಧ್ಯಮ. ಕಥೆಪುಸ್ತಕ ಕೈಗೆ ಸಿಕ್ಕರೆ ಊಟ ಮರೆಯುವ ಹುಡುಗಿ. ಆದರೆ ಹೋದ ವಾರ ಶಾಲೆಯ ಕಿರುಪರೀಕ್ಷೆಯಲ್ಲಿ ಒಂದು ಗದ್ಯಭಾಗಕ್ಕೆ 8ಕ್ಕೆ ಸೊನ್ನೆ ತೆಗೆದುಕೊಂಡು ಬಂದಳು. ಗದ್ಯಭಾಗ ಹೀಗಿದೆ:

"ನಮ್ಮ ದೇಹ ಪರಮಾಣುಗಳಿಂದ ಆಗಿದೆ. ಪರಮಾಣುವಿನ ದ್ರವ್ಯರಾಶಿಯೆಲ್ಲ ಹೆಚ್ಚುಕಡಿಮೆ ಅದರ ನ್ಯೂಕ್ಲಿಯಸ್‌ನಲ್ಲೇ ಇದೆ. ಉಳಿದದ್ದು ಖಾಲಿ ಜಾಗ. ಭೂಮಿಯ ಮೇಲಿನ ಎಲ್ಲ ಮನುಷ್ಯರ ದೇಹದಿಂದ ಈ ಖಾಲಿ ಜಾಗವನ್ನು ತೆಗೆದುಹಾಕಿದರೆ ಇಡೀ ಮನುಕುಲ ಒಂದು ಸಕ್ಕರೆ ಅಚ್ಚಿನಷ್ಟಾಗುತ್ತದೆ. ನಾವು ಗಟ್ಟಿ ಎಂದು ನಂಬಿರುವುದು ಎಷ್ಟು ಗಟ್ಟಿ ಎಂದು ಯೋಚಿಸಿ."

ಪ್ರಶ್ನೆಗಳು ನಾಲ್ಕು. ಒಂದು, ಹೀಗಾದ ಮನುಕುಲದ ತೂಕ ಎಷ್ಟಿರುತ್ತದೆ? ಇವಳು 'ಒಂದು ಸಕ್ಕರೆ ಅಚ್ಚಿನಷ್ಟು' ಎಂದು ಬರೆದಿದ್ದಾಳೆ. ಎರಡು, ಲೇಖಕರ ಉದ್ದೇಶವೇನು? 'ಮುಂದೆ ಜನಸಂಖ್ಯೆ ಜಾಸ್ತಿಯಾದಾಗ ವಿಜ್ಞಾನಿಗಳು ಮನುಷ್ಯರನ್ನು ಚಿಕ್ಕದಾಗಿ ಮಾಡುತ್ತಾರೆ ಎಂದು ತಿಳಿಸುವುದು.' ಮೂರು, 'ನಮ್ಮ ದೇಹದ ಹೆಚ್ಚಿನ ಭಾಗ ಗಾಳಿಯಿಂದ ತುಂಬಿದೆ', ಸರಿಯೋ ತಪ್ಪೋ? 'ಸರಿ.' ನಾಲ್ಕು, ಹೀಗೆ ಮಾಡಲು ಸಾಧ್ಯವೇ? 'ಸಾಧ್ಯವಿಲ್ಲ, ಎಲ್ಲರೂ ಸತ್ತುಹೋಗುತ್ತಾರೆ.'

ಅವಳಿಗೆ ಓದೋದು ಬರ್ತಿಲ್ವೋ, ವಿಜ್ಞಾನ ಬರ್ತಿಲ್ವೋ ಗೊತ್ತಾಗ್ತಿಲ್ಲ. 'ಆಗದ ಹೋಗದ ಮಾತು ಕೊಟ್ಟು ಮಕ್ಕಳ ತಲೆ ಯಾಕೆ ಕೆಡಿಸಬೇಕು' ಅಂತ ನಮ್ಮ ಮನೆಯವರು ಸಿಟ್ಟಾಗಿದ್ದಾರೆ. ಮನೆಯಲ್ಲಿ ನಾನು ಏನು ಮಾಡಬಹುದು?

ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ನಾಲ್ಕು ಉತ್ತರಗಳಲ್ಲಿ ಒಂದು ಸರಿಯಾಗಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇನ್ನೊಂದರ ತಪ್ಪಿಗೆ ಅರ್ಧ ಹೊಣೆ ಗದ್ಯಭಾಗದ ಕನ್ನಡದ್ದು. ಮತ್ತೊಂದು 'ಖಾಲಿ' ಎಂಬ ಮಾತು ಮಾಡಿದ ಎಡವಟ್ಟು. ಕೊನೆಗೆ ನಿಮ್ಮ ಮಗಳ ಪಾಲಿಗೆ ಉಳಿಯುವುದು ತೂಕದ ಪ್ರಶ್ನೆ ಒಂದೇ. ನಾನು ಬೆಂಗಳೂರಿನ ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷ ಪಿ.ಸಿ.ಎಂ. (ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ) ಮೇಷ್ಟ್ರಾಗಿದ್ದವನು. ಇಂಥ ಗದ್ಯಭಾಗಗಳನ್ನು ಬರೆದೂ ಇದ್ದೇನೆ, ತಿದ್ದಿಯೂ ಇದ್ದೇನೆ. ಚೆನ್ನಾಗಿ ಓದುವ ಮಕ್ಕಳೇ ಇದರಲ್ಲಿ ಹೆಚ್ಚು ಎಡವುವುದನ್ನು ನೋಡಿದ್ದೇನೆ. ಹಾಗಾಗಿ ಮಗುವಿಗೆ ಓದು ಬರುವುದಿಲ್ಲ ಎಂಬ ಮಾತನ್ನು ದಯವಿಟ್ಟು ಅವಳ ಮುಂದೆ ಆಡಬೇಡಿ.

ಮೊದಲು ಸಕ್ಕರೆ ಅಚ್ಚಿನ ವಿಷಯ. ಇದನ್ನು ಓದಿದಾಗ ಅವಳ ಕಣ್ಣ ಮುಂದೆ ಏನು ಬಂತು ಎಂದು ಕೇಳಿ ನೋಡಿ. ನಮ್ಮ ರಸ್ತೆಯ ಹುಡುಗನೊಬ್ಬನಿಗೆ ಇದನ್ನೇ ಓದಿ ಹೇಳಿದೆ. ಅವನು ಕೂಡಲೇ "ಯಾವ ಅಚ್ಚು ಸರ್, ಆನೆದಾ, ಗೋಪುರದ್ದಾ?" ಎಂದ. ಬೆಂಗಳೂರಿನ ಮಗುವಿಗೆ ಸಕ್ಕರೆ ಅಚ್ಚು ಎಂದರೆ ಸಂಕ್ರಾಂತಿ. ಎಳ್ಳು ಬೀರುವ ತಟ್ಟೆ, ಕಬ್ಬಿನ ತುಂಡು, ಪಕ್ಕದಲ್ಲಿ ಬಿಳಿ ಆನೆ, ಬಿಳಿ ಬಸವ. ಗದ್ಯಭಾಗ ಬರೆದವರ ಮನಸ್ಸಿನಲ್ಲಿದ್ದದ್ದು ಬೇರೆ. ಹೊರದೇಶಗಳಲ್ಲಿ ಚಹಾಕ್ಕೆ ಹಾಕಿಕೊಳ್ಳಲು ಸಕ್ಕರೆಯನ್ನು ಪುಟ್ಟ ಚೌಕ ತುಂಡುಗಳಾಗಿ ಮಾಡಿ ಇಡುತ್ತಾರಲ್ಲ, ಅದು. ನಮ್ಮ ಅಡುಗೆಮನೆಯಲ್ಲಿ ಸಕ್ಕರೆ ಇರುವುದು ಡಬ್ಬಿಯಲ್ಲಿ, ಅಳೆಯುವುದು ಚಮಚದಲ್ಲಿ. ಇಡೀ ಗದ್ಯಭಾಗ ಗಾತ್ರದ ಮೇಲೆ ನಿಂತಿರುವಾಗ ಆ ಗಾತ್ರವೇ ಮಗುವಿನ ಕಣ್ಣಿಗೆ ಕಟ್ಟದಿದ್ದರೆ ಮುಂದಿನ ದಾರಿ ಕಷ್ಟ. ಅದಕ್ಕೇ ನಾನು ಇಲ್ಲಿಂದ ಮುಂದೆ 'ಗೋಲಿ' ಎನ್ನುತ್ತೇನೆ. ಮಣ್ಣಿನಲ್ಲಿ ಕುಳಿ ತೋಡಿ ಆಡುವ ಗಾಜಿನ ಗೋಲಿ. ಸುಮ್ಮನೆ ಬಾಯಿಗೆ ಬಂದ ಹೋಲಿಕೆಯಲ್ಲ ಇದು, ಲೆಕ್ಕ ಹಾಕಿದರೆ ಅಷ್ಟೇ ಬರುತ್ತದೆ.

ಲೆಕ್ಕ ಹೀಗೆ. ಲೋಕದ ಜನಸಂಖ್ಯೆ 2022ರ ನವೆಂಬರಿನಲ್ಲಿ 800 ಕೋಟಿ ಮುಟ್ಟಿತು ಎಂದು ವಿಶ್ವಸಂಸ್ಥೆ ಹೇಳಿತು. ಎಳೆಗೂಸುಗಳನ್ನೂ ಸೇರಿಸಿ ತಲೆಗೆ ಸರಾಸರಿ 50 ಕೆ.ಜಿ. ಹಿಡಿಯೋಣ. ಒಟ್ಟು 40,000 ಕೋಟಿ ಕೆ.ಜಿ., ಅಂದರೆ 40 ಕೋಟಿ ಟನ್. ಇನ್ನು ಪರಮಾಣುವಿನ ನಡುವಿನ ಪುಟ್ಟ ತಿರುಳಾದ ನ್ಯೂಕ್ಲಿಯಸ್ ಎಷ್ಟು ಸಾಂದ್ರ ಎಂದರೆ, ಬರಿಯ ನ್ಯೂಕ್ಲಿಯಸ್‌ಗಳನ್ನೇ ಒತ್ತೊತ್ತಾಗಿ ತುಂಬಿದರೆ 1 ಘನ ಸೆಂಟಿಮೀಟರಿನಲ್ಲಿ ಸುಮಾರು 23 ಕೋಟಿ ಟನ್ ಹಿಡಿಸುತ್ತದೆ. 40 ಕೋಟಿಯನ್ನು 23 ಕೋಟಿಯಿಂದ ಭಾಗಿಸಿ. 1.7 ಘನ ಸೆಂಟಿಮೀಟರ್ ಚಿಲ್ಲರೆ. ಅದನ್ನು ಉಂಡೆ ಕಟ್ಟಿದರೆ ಅಡ್ಡಳತೆ ಒಂದೂವರೆ ಸೆಂಟಿಮೀಟರ್. ಗೋಲಿಯೇ ಅಲ್ಲವೇ?

ಈ ಲೆಕ್ಕವನ್ನು ಅವಳ ಕೈಯಲ್ಲೇ ಮಾಡಿಸಿ. ಮಾಡುವಾಗ ಗಮನಿಸಬೇಕಾದ್ದು ಒಂದಿದೆ. ಗೋಲಿಯ ಗಾತ್ರ ಸಿಕ್ಕಿದ್ದೇ ತೂಕದಿಂದ. 40 ಕೋಟಿ ಟನ್ ಎಂಬ ಅಂಕಿಯನ್ನು ಹಿಡಿದುಕೊಂಡು ಹೊರಟದ್ದರಿಂದಲೇ 1.7 ಬಂತು. ತೂಕವನ್ನು ನಾವು ಎಲ್ಲೂ ಕೈಬಿಡಲಿಲ್ಲ, ಕೈಬಿಟ್ಟಿದ್ದರೆ ಲೆಕ್ಕವೇ ನಿಲ್ಲುತ್ತಿರಲಿಲ್ಲ. ಇಷ್ಟು ಒಮ್ಮೆ ಕಂಡರೆ 'ಸಕ್ಕರೆ ಅಚ್ಚಿನಷ್ಟು ತೂಕ' ಎಂದು ಅವಳು ಇನ್ನೆಂದೂ ಬರೆಯುವುದಿಲ್ಲ.

40 ಕೋಟಿ ಟನ್ ಎಂದರೆ ಎಷ್ಟು? ಕನ್ನಡಿಗರಿಗೆ ಇದನ್ನು ತೋರಿಸುವುದು ಸುಲಭ, ಏಕೆಂದರೆ ನಮಗೆಲ್ಲ ಟಿಎಂಸಿ ಗೊತ್ತು. ಕಾವೇರಿ ನೀರಿನ ಸುದ್ದಿ ಓದುವ ಮನೆಯಲ್ಲಿ ಮಕ್ಕಳಿಗೂ ಗೊತ್ತಿರುತ್ತದೆ. ಒಂದು ಟಿಎಂಸಿ ನೀರು ಸುಮಾರು 2.8 ಕೋಟಿ ಟನ್ ತೂಗುತ್ತದೆ. ಹಾಗಾದರೆ ಇಡೀ ಮನುಕುಲದ ತೂಕ 14 ಟಿಎಂಸಿ ನೀರಿನಷ್ಟು. ಕನ್ನಂಬಾಡಿ ಕಟ್ಟೆ ತುಂಬಿದಾಗ ಅದರಲ್ಲಿ 49 ಟಿಎಂಸಿ ಚಿಲ್ಲರೆ ನೀರಿರುತ್ತದೆ. ಎಂದರೆ ಭೂಮಿಯ ಮೇಲಿರುವ ಅಷ್ಟೂ ಜನರ ಒಟ್ಟು ತೂಕ ಆ ಒಂದು ಕಟ್ಟೆಯ ನೀರಿನ ಮೂರನೇ ಒಂದು ಪಾಲಿಗೂ ಕಡಿಮೆ! ಮನುಷ್ಯ ದೇಹದ ಸಾಂದ್ರತೆ ನೀರಿನದಕ್ಕೆ ಬಹಳ ಹತ್ತಿರ. ಆದ್ದರಿಂದ ಯಾರ ದೇಹದಿಂದಲೂ ಏನನ್ನೂ ತೆಗೆಯದೆ, ಈಗಿರುವ ಹಾಗೇ ಎಲ್ಲರನ್ನೂ ಒಂದೆಡೆ ಸೇರಿಸಿದರೂ ನಾವು ತುಂಬುವ ಜಾಗ ಅದೇ 14 ಟಿಎಂಸಿ. ಗದ್ಯಭಾಗ ಬರೆದವರು ಪರಮಾಣುವಿನ ಒಳಗೆ ಹೋಗುವ ಮೊದಲು ಇದನ್ನೊಮ್ಮೆ ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ನನಗೆ ಅನ್ನಿಸಿತು.

ಈಗ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಲಿ. ಒಂದು ಕಡೆ 14 ಟಿಎಂಸಿ ನೀರು, ಇನ್ನೊಂದು ಕಡೆ ಒಂದು ಗೋಲಿ. ತಕ್ಕಡಿ ಸಮನಾಗಿ ನಿಂತಿದೆ. ಬದಲಾದದ್ದು ಜಾಗ, ಬದಲಾಗದ್ದು ತೂಕ.

ಗದ್ಯಭಾಗದ ಜೀವ ಇರುವುದು ಇಲ್ಲೇ. ಇಂಥ ಬರಹವನ್ನು ಚಿಂತನಾ ಪ್ರಯೋಗ ಎನ್ನುತ್ತಾರೆ. ಪ್ರಯೋಗಶಾಲೆಯಲ್ಲಿ ಮಾಡಲಾಗದ್ದನ್ನು ತಲೆಯಲ್ಲಿ ಮಾಡಿ ನೋಡುವುದು. ಬರೆದವರು ನಮ್ಮನ್ನು ಒಂದೇ ಒಂದು ಆಗದ ಮಾತನ್ನು ಒಪ್ಪಿಕೊಳ್ಳಿ ಎಂದು ಕೇಳುತ್ತಾರೆ. 'ಖಾಲಿ ಜಾಗ ತೆಗೆದೆವು ಎಂದಿಟ್ಟುಕೊಳ್ಳಿ.' ಒಪ್ಪಿಕೊಂಡೆವು. ಆದರೆ ಒಪ್ಪಿಕೊಂಡದ್ದು ಅದೊಂದನ್ನೇ. ಮಿಕ್ಕ ಲೋಕವೆಲ್ಲ ನಿನ್ನೆ ಇದ್ದ ಹಾಗೇ ಇರಬೇಕು. ನಿಮ್ಮ ಮಗಳು ಒಂದರ ಬದಲು ಎರಡನ್ನು ಒಪ್ಪಿಕೊಂಡುಬಿಟ್ಟಳು. ಗಾತ್ರ ಹೋಯಿತು ಎಂದಾಗ ಅದರ ಜೊತೆಗೆ ತೂಕವೂ ಹೋಯಿತು ಎಂದುಕೊಂಡಳು. ದಿನನಿತ್ಯದ ಅನುಭವ ಅವಳಿಗೆ ಹಾಗೆ ಕಲಿಸಿದೆ: ಚಿಕ್ಕ ಚೀಲ ಹಗುರ, ದೊಡ್ಡ ಚೀಲ ಭಾರ. ಆ ಅನುಭವವನ್ನು ಬದಿಗಿಟ್ಟು 'ಇಲ್ಲಿ ತೆಗೆದದ್ದು ಏನನ್ನು? ಜಾಗವನ್ನು. ಜಾಗಕ್ಕೆ ತೂಕವಿದೆಯೇ?' ಎಂದು ಕೇಳಿಕೊಳ್ಳಬೇಕಿತ್ತು.

ಕಥೆ ಓದುವಾಗ ಇದೇ ಕೆಲಸವನ್ನು ಅವಳು ಸಲೀಸಾಗಿ ಮಾಡುತ್ತಾಳೆ, ಗೊತ್ತೇ? ಹುಲಿ ಮಾತಾಡುವ ಕಥೆ ಓದುವಾಗ ಹುಲಿಗೆ ಮಾತು ಬರುತ್ತದೆ ಎಂಬುದೊಂದನ್ನು ಒಪ್ಪಿಕೊಳ್ಳುತ್ತಾಳೆ. ಹುಲಿಗೆ ಹಸಿವಿಲ್ಲ ಎಂದಾಗಲೀ, ಕರುವಿಗೆ ಹಾಲು ಬೇಡ ಎಂದಾಗಲೀ ಅಂದುಕೊಳ್ಳುವುದಿಲ್ಲ. ಹುಲಿಯ ಹಸಿವು ಹಾಗೇ ಇರುವುದರಿಂದಲೇ ಕಥೆಯಲ್ಲಿ ಕಣ್ಣೀರು ಬರುವುದು. 'ಗೋಲಿಯ ತೂಕವೂ ಆ ಹುಲಿಯ ಹಸಿವಿನ ಹಾಗೆ ಕಣಮ್ಮ' ಎಂದು ಹೇಳಿನೋಡಿ. ಅವಳಿಗೆ ಹತ್ತಿರದ ದಾರಿ ಅದೇ ಇರಬಹುದು.

ನಿಮ್ಮ ಮನೆಯವರ ಸಿಟ್ಟಿಗೂ ಇಲ್ಲೇ ಉತ್ತರ ಹೇಳುತ್ತೇನೆ. ಆಗದ ಮಾತನ್ನು ಮಕ್ಕಳಿಗೆ ಕೊಡುವುದು ಹೊಸತೇನಲ್ಲ. ಅವಳ ಗಣಿತದ ನೋಟ್‌ಬುಕ್ ತೆಗೆಸಿ. '√2 ಅಭಾಗಲಬ್ಧ ಸಂಖ್ಯೆ ಎಂದು ಸಾಧಿಸಿ' ಎಂಬ ಲೆಕ್ಕ ಇರುತ್ತದೆ. ಅದರ ಮೊದಲ ಸಾಲೇ '√2 ಭಾಗಲಬ್ಧ ಎಂದು ಭಾವಿಸೋಣ'. ಸುಳ್ಳೆಂದು ಗೊತ್ತಿದ್ದೇ ಒಪ್ಪಿಕೊಂಡು, ಮಿಕ್ಕ ಗಣಿತವನ್ನೆಲ್ಲ ಚಾಚೂ ತಪ್ಪದೆ ಪಾಲಿಸಿ, ಕೊನೆಗೆ ಗೋಡೆಗೆ ಹೋಗಿ ಡಿಕ್ಕಿ ಹೊಡೆಯುವುದು. ಗೆಲಿಲಿಯೊ 1638ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಕಲ್ಲುಗಳ ವಿಷಯದಲ್ಲಿ ಇದನ್ನೇ ಮಾಡಿದ. ಭಾರದ ಕಲ್ಲು ಬೇಗ ಬೀಳುತ್ತದೆ, ಹಗುರದ್ದು ನಿಧಾನ ಎಂದು ಜನ ನಂಬಿದ್ದರು. ಸರಿ, ಹಾಗೇ ಇರಲಿ ಎಂದುಕೊಳ್ಳೋಣ. ಈಗ ಎರಡನ್ನೂ ಹಗ್ಗದಿಂದ ಕಟ್ಟಿ ಬಿಡಿ. ನಿಧಾನದ ಕಲ್ಲು ಬೇಗದ್ದನ್ನು ಹಿಂದಕ್ಕೆ ಜಗ್ಗಬೇಕು, ಆದ್ದರಿಂದ ಜೋಡಿ ಸ್ವಲ್ಪ ನಿಧಾನವಾಗಬೇಕು. ಆದರೆ ಎರಡೂ ಸೇರಿ ಇನ್ನೂ ಭಾರವಾದವಲ್ಲ, ಹಾಗಾಗಿ ಇನ್ನೂ ಬೇಗ ಬೀಳಬೇಕು. ಒಂದೇ ಜೋಡಿ ನಿಧಾನವೂ ಆಗಬೇಕು, ಬೇಗವೂ ಆಗಬೇಕು! ಗೋಪುರ ಹತ್ತದೆ, ಒಂದು ಕಲ್ಲನ್ನೂ ಎತ್ತದೆ ಆ ನಂಬಿಕೆ ಮುರಿದುಬಿತ್ತು. ವಾದ ಹೂಡಲು, ಒಪ್ಪಂದ ಓದಲು, 'ಹೀಗಾದರೆ ಏನು ಮಾಡೋದು' ಎಂದು ಮನೆಯ ಖರ್ಚು ಯೋಚಿಸಲು ನಮಗೆ ಬೇಕಾದ ಶಕ್ತಿ ಇದೇ. ಮಕ್ಕಳಿಗೆ ಅದನ್ನು ಹದಿನೈದರ ವಯಸ್ಸಿನಲ್ಲಿ ಕೊಡದೆ ಇನ್ನೆಂದು ಕೊಡುವುದು?

ಎರಡನೇ ಉತ್ತರಕ್ಕೆ ಬರುತ್ತೇನೆ. 'ಮುಂದೆ ವಿಜ್ಞಾನಿಗಳು ಮನುಷ್ಯರನ್ನು ಚಿಕ್ಕದಾಗಿ ಮಾಡುತ್ತಾರೆ.' ಇದನ್ನು ಓದಿ ನಾನು ಬೇಸರಪಡಲಿಲ್ಲ, ಗದ್ಯಭಾಗದ ಕ್ರಿಯಾಪದವನ್ನು ಇನ್ನೊಮ್ಮೆ ನೋಡಿದೆ. 'ತೆಗೆದುಹಾಕಿದರೆ ... ಅಚ್ಚಿನಷ್ಟಾಗುತ್ತದೆ.' ಈಗ ಇದನ್ನು ಕೇಳಿ: 'ಹಾಲು ಕಾಯಿಸಿದರೆ ಉಕ್ಕುತ್ತದೆ.' 'ಗುಂಡಿ ಒತ್ತಿದರೆ ಲಿಫ್ಟ್ ಬರುತ್ತದೆ.' ವಾಕ್ಯದ ಕಟ್ಟು ಒಂದೇ. ಕನ್ನಡದ ಕಿವಿಗೆ ಇದು ನಿಜವಾಗಿ ಆಗುವ, ಮಾಡಿ ನೋಡಬಹುದಾದ ಸಂಗತಿ. ಆಗದ ಸಂಗತಿಗೆ ನಮ್ಮ ಭಾಷೆಯಲ್ಲಿ ಬೇರೆ ಕಟ್ಟು ಇದೆ. 'ನನ್ನ ಹತ್ತಿರ ಕೋಟಿ ರೂಪಾಯಿ ಇದ್ದಿದ್ದರೆ ಜಯನಗರದಲ್ಲಿ ಮನೆ ಕಟ್ಟಿಸುತ್ತಿದ್ದೆ.' ಇದನ್ನು ಕೇಳಿದ ಯಾರೂ 'ಗೃಹಪ್ರವೇಶ ಯಾವಾಗ' ಎಂದು ಕೇಳುವುದಿಲ್ಲ. 'ಇದ್ದಿದ್ದರೆ', 'ಕಟ್ಟಿಸುತ್ತಿದ್ದೆ' ಎರಡೂ ಸೇರಿ ಇದು ಬರಿಯ ಊಹೆ ಎಂದು ಸಾರಿಬಿಡುತ್ತವೆ. ಗದ್ಯಭಾಗ ಬರೆದವರು 'ತೆಗೆಯಲು ಬರುವಂತಿದ್ದಿದ್ದರೆ ಇಡೀ ಮನುಕುಲ ಇಷ್ಟೇ ಆಗುತ್ತಿತ್ತು' ಎಂದು ಬರೆದಿದ್ದರೆ ಊಟ ಮರೆತು ಓದುವ ನಿಮ್ಮ ಮಗಳು ಖಂಡಿತ ಹಿಡಿಯುತ್ತಿದ್ದಳು. ವಿಜ್ಞಾನದ ಕನ್ನಡದಲ್ಲಿ ಈ 'ಆಗುತ್ತದೆ' ಎಲ್ಲ ಕಡೆ ನುಗ್ಗಿಬಿಟ್ಟಿದೆ. ನಿಯಮಕ್ಕೂ ಅದೇ, ಊಹೆಗೂ ಅದೇ, ನಾಳೆಯ ಯೋಜನೆಗೂ ಅದೇ. ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ. ಬರೆಯುವವರು ಎಚ್ಚರ ತಪ್ಪಿದರೆ ಅಂಕ ಕಳೆದುಕೊಳ್ಳುವುದು ಮಕ್ಕಳು.

ಹಾಗಿದ್ದರೂ ಲೇಖಕರ ಉದ್ದೇಶ ಹಿಡಿಯಲು ಗದ್ಯಭಾಗದಲ್ಲೇ ಒಂದು ದಾರಿ ಇತ್ತು, ಅದನ್ನು ಅವಳಿಗೆ ತೋರಿಸಿ. ಚಿಂತನಾ ಪ್ರಯೋಗ ಬರೆಯುವವರು ಆಗದ ಲೋಕಕ್ಕೆ ಹೋಗಿ ಅಲ್ಲೇ ಕುಳಿತಿರುವುದಿಲ್ಲ. ಎಲ್ಲೋ ಒಂದು ವಾಕ್ಯದಲ್ಲಿ ಈ ಲೋಕಕ್ಕೆ ಮರಳುತ್ತಾರೆ. ಇಲ್ಲಿ ಆ ವಾಕ್ಯ ಕೊನೆಯದು: 'ನಾವು ಗಟ್ಟಿ ಎಂದು ನಂಬಿರುವುದು ಎಷ್ಟು ಗಟ್ಟಿ ಎಂದು ಯೋಚಿಸಿ.' 'ನಂಬಿರುವುದು' ಎಂಬ ಮಾತು ಇವತ್ತಿನದು, ನಮ್ಮದು. ಅವರು ಮಾತಾಡುತ್ತಿರುವುದು ಮುಂದಿನ ಜನಸಂಖ್ಯೆಯ ಬಗ್ಗೆ ಅಲ್ಲ, ಈಗ ನಾವು ಕೂತಿರುವ ಕುರ್ಚಿಯ ಬಗ್ಗೆ, ಬರೆಯುತ್ತಿರುವ ಕೈಯ ಬಗ್ಗೆ. ಮರಳಿ ಬರುವ ಆ ವಾಕ್ಯದ ಕೆಳಗೆ ಗೆರೆ ಎಳೆಯುವ ಅಭ್ಯಾಸ ಮಾಡಿಸಿ. ಉದ್ದೇಶದ ಪ್ರಶ್ನೆಗೆ ಉತ್ತರ ಹತ್ತರಲ್ಲಿ ಒಂಬತ್ತು ಸಲ ಅಲ್ಲೇ ಇರುತ್ತದೆ.

ಮೂರನೆಯದು ಗಾಳಿ. 'ಪಾತ್ರೆ ಖಾಲಿಯಾಗಿದೆ', 'ಬಸ್ ಖಾಲಿ ಬಂತು' ಎನ್ನುವಾಗಿನ ಖಾಲಿಯಲ್ಲಿ ಗಾಳಿ ಇದ್ದೇ ಇರುತ್ತದೆ. ಅವಳು ಅದೇ ಅರ್ಥ ತೆಗೆದುಕೊಂಡಳು. ಆದರೆ ಗಾಳಿಯೂ ಪರಮಾಣುಗಳಿಂದಲೇ ಆದದ್ದು. ಪರಮಾಣುವಿನ ಒಳಗೆ ಗಾಳಿ ತುಂಬುವುದೆಂದರೆ ಇಟ್ಟಿಗೆಯ ಒಳಗೆ ಮನೆ ಕಟ್ಟಿದ ಹಾಗೆ. ಈ ಒಂದು ಮಾತು ಹೇಳಿದರೆ ಸಾಕು, ಅವಳೇ ನಗುತ್ತಾಳೆ.

ಅಲ್ಲಿ ಏನೂ ಇಲ್ಲ ಎಂದು ಕಂಡುಹಿಡಿದದ್ದು ಹೇಗೆ ಎಂಬುದನ್ನೂ ಹೇಳಿ, ಏಕೆಂದರೆ ಅದು ಊಹೆಯಲ್ಲ, ನಿಜವಾದ ಪ್ರಯೋಗ. 1909ರ ಸುಮಾರಿಗೆ ಮ್ಯಾಂಚೆಸ್ಟರಿನಲ್ಲಿ ರುದರ್‌ಫೋರ್ಡರ ಜೊತೆಗಿದ್ದ ಗೈಗರ್ ಮತ್ತು ಮಾರ್ಸ್‌ಡೆನ್ ತೀರ ತೆಳುವಾದ ಚಿನ್ನದ ಹಾಳೆಯ ಮೇಲೆ, ವಿಕಿರಣಶೀಲ ವಸ್ತುವಿನಿಂದ ಚಿಮ್ಮುವ ಆಲ್ಫಾ ಕಣಗಳನ್ನು ಹಾಯಿಸಿದರು. ಬಹುಪಾಲು ಕಣಗಳು ಹಾಳೆ ಇಲ್ಲವೇ ಇಲ್ಲ ಎನ್ನುವಂತೆ ನೇರ ಹೊರಟುಹೋದವು. ಸಾವಿರಾರಕ್ಕೆ ಒಂದು ಮಾತ್ರ ಯಾವುದಕ್ಕೋ ಬಡಿದಂತೆ ಹಿಂದಕ್ಕೆ ಚಿಮ್ಮಿತು. ಆ 'ಯಾವುದೋ' ನ್ಯೂಕ್ಲಿಯಸ್ ಎಂದು ರುದರ್‌ಫೋರ್ಡ್ 1911ರಲ್ಲಿ ವಿವರಿಸಿದರು. ಅದು ಎಷ್ಟು ಚಿಕ್ಕದೆಂದರೆ, ಹೈಡ್ರೋಜನ್ನಿನ ನ್ಯೂಕ್ಲಿಯಸ್ಸನ್ನು ಒಂದು ಸಾಸಿವೆ ಕಾಳಿನಷ್ಟು ದೊಡ್ಡದು ಮಾಡಿ ಚಿನ್ನಸ್ವಾಮಿ ಕ್ರೀಡಾಂಗಣದ ಪಿಚ್ ಮಧ್ಯೆ ಇಟ್ಟರೆ, ಪರಮಾಣುವಿನ ಅಂಚು ಹೆಚ್ಚುಕಡಿಮೆ ಬೌಂಡರಿ ಗೆರೆಯ ಹತ್ತಿರ ಬರುತ್ತದೆ. ಮುಂದಿನ ಸಲ ಒಗ್ಗರಣೆ ಹಾಕುವಾಗ ಒಂದು ಸಾಸಿವೆ ತೆಗೆದು ಅವಳ ಅಂಗೈ ಮೇಲಿಡಿ. ಅದು ಕೈಯಲ್ಲಿ ಉರುಳುವುದನ್ನು ನೋಡುತ್ತಾ ಮೈದಾನವನ್ನು ನೆನೆಸಿಕೊಳ್ಳಲಿ. ನಮ್ಮ ದೇಹದ ಪರಮಾಣುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೈಡ್ರೋಜನ್ನಿನವು.

ಗದ್ಯಭಾಗದ ಮೇಲೆ ನನಗೊಂದು ತಕರಾರಿದೆ, ಅವಳು ಮುಂದೆ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳುವುದಾದರೆ ಗೊತ್ತಿರಲಿ. 'ಉಳಿದದ್ದು ಖಾಲಿ' ಎಂಬುದು ಹಳೆಯ ಚಿತ್ರ. ಆ ಮೈದಾನದಲ್ಲಿ ಎಲೆಕ್ಟ್ರಾನ್ ಇದೆ, ಒಂದು ಕಡೆ ಕುಳಿತ ಕಾಳಿನ ಹಾಗಲ್ಲ, ಮಂಜಿನ ಹಾಗೆ ಹರಡಿಕೊಂಡು. ರಾಶಿ ಅತ್ಯಲ್ಪ, ಆದರೆ ಮೈದಾನವನ್ನು ಕಾಯುವುದು ಅದೇ. ಮೇಜಿನ ಮೇಲೆ ಕೈ ಒತ್ತಿದರೆ ಕೈ ಒಳಗೆ ಇಳಿಯುವುದಿಲ್ಲವಲ್ಲ, ಅದಕ್ಕೆ ಕಾರಣ ಈ ಎಲೆಕ್ಟ್ರಾನ್‌ಗಳು. ಅವು ಒಂದನ್ನೊಂದು ವಿಕರ್ಷಿಸುತ್ತವೆ. ಜೊತೆಗೆ ಎರಡು ಎಲೆಕ್ಟ್ರಾನ್‌ಗಳು ಒಂದೇ ಸ್ಥಿತಿಯಲ್ಲಿ ಇರಲಾರವು ಎಂದು 1925ರಲ್ಲಿ ಪೌಲಿ ಹೇಳಿದ ನಿಯಮವೂ ಇದೆ. ಆದ್ದರಿಂದ ಆ ಜಾಗವನ್ನು 'ತೆಗೆದುಹಾಕುವುದು' ಸೂಟ್‌ಕೇಸಿನ ಬಟ್ಟೆ ಅದುಮಿದ ಹಾಗೆ ಅಲ್ಲ.

ಆದರೆ ಪ್ರಕೃತಿಯಲ್ಲಿ ಒಂದು ಕಡೆ ಇದು ಹೆಚ್ಚುಕಡಿಮೆ ನಡೆಯುತ್ತದೆ! ದೊಡ್ಡ ನಕ್ಷತ್ರವೊಂದರ ಇಂಧನ ಮುಗಿದಾಗ ಅದರ ಒಡಲು ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಎಲೆಕ್ಟ್ರಾನ್‌ಗಳೂ ಪ್ರೋಟಾನ್‌ಗಳೂ ಬೆರೆತು ನ್ಯೂಟ್ರಾನ್‌ಗಳಾಗುತ್ತವೆ. ಉಳಿಯುವುದೇ ನ್ಯೂಟ್ರಾನ್ ನಕ್ಷತ್ರ. ಸೂರ್ಯನಿಗಿಂತ ಹೆಚ್ಚಿನ ರಾಶಿ, ಸುಮಾರು 20 ಕಿ.ಮೀ. ಅಡ್ಡಳತೆಯ ಗೋಳದಲ್ಲಿ. ಹೆಬ್ಬಾಳದಿಂದ ಎಲೆಕ್ಟ್ರಾನಿಕ್ ಸಿಟಿಗೆ ನೇರ ಗೆರೆ ಎಳೆದರೆ ಅಷ್ಟೇ ದೂರ. ಇಂಥವು ಆಕಾಶದಲ್ಲಿ ಇವೆ ಎಂಬುದಕ್ಕೆ 1967ರಲ್ಲಿ ಕೇಂಬ್ರಿಜ್‌ನಲ್ಲಿ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದ ಜೋಸೆಲಿನ್ ಬೆಲ್ ಗುರುತಿಸಿದ ಪಲ್ಸಾರ್, ಎಂದರೆ ತಿರುಗುತ್ತಾ ಲಯಬದ್ಧವಾಗಿ ರೇಡಿಯೊ ಮಿಡಿತ ಕಳಿಸುವ ನ್ಯೂಟ್ರಾನ್ ನಕ್ಷತ್ರ, ಸಾಕ್ಷಿಯಾಯಿತು. ನಮ್ಮ ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಮಗ ವಿ. ರಾಧಾಕೃಷ್ಣನ್ ಪಲ್ಸಾರ್‌ಗಳ ಅಧ್ಯಯನದಲ್ಲಿ ಹೆಸರು ಮಾಡಿದವರು, 1972ರಿಂದ ಆ ಸಂಸ್ಥೆಯನ್ನು ನಡೆಸಿದವರು. ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ಮಗಳಿಗೆ ಗೇಟು ತೋರಿಸಿ. ಗೋಲಿಯಷ್ಟು ಜಾಗದಲ್ಲಿ ಕೋಟಿಗಟ್ಟಲೆ ಟನ್ ಇರುವ ವಸ್ತುವಿನ ಬಗ್ಗೆ ಇಲ್ಲೇ, ನಮ್ಮೂರಲ್ಲೇ ಕೂತು ಯೋಚಿಸಿದವರಿದ್ದಾರೆ ಎಂದು ತಿಳಿಯಲಿ.

ಹಾಗಾದರೆ ನಾಲ್ಕನೇ ಉತ್ತರ, 'ಸಾಧ್ಯವಿಲ್ಲ, ಎಲ್ಲರೂ ಸತ್ತುಹೋಗುತ್ತಾರೆ.' ಇದು ಸರಿ. ಮನುಷ್ಯರನ್ನು ಹಾಗೆ ಅದುಮಲು ಬರುವುದಿಲ್ಲ. ಹೇಗೋ ಅದುಮಿದರೂ ನಕ್ಷತ್ರದಂಥ ಗುರುತ್ವದ ಬಿಗಿತವಿಲ್ಲದೆ ಆ ಗೋಲಿ ಒಂದು ಕ್ಷಣವೂ ನಿಲ್ಲದೆ ಸಿಡಿದುಹೋಗುತ್ತಿತ್ತು. 'ಗದ್ಯಭಾಗದಲ್ಲಿ ಇದನ್ನು ಹೇಳಿಲ್ಲ' ಎಂದು ಅವರ ಮೇಷ್ಟ್ರು ತಪ್ಪು ಹಾಕಿರಬಹುದು. ಅದು ಪ್ರಶ್ನೆ ಕೇಳಿದ ರೀತಿಯ ಮೇಲೆ ಹೋಗುತ್ತದೆ. 'ಗದ್ಯಭಾಗದ ಪ್ರಕಾರ' ಎಂದಿದ್ದರೆ ಮೇಷ್ಟ್ರು ಸರಿ. ಬರಿಯ 'ಸಾಧ್ಯವೇ?' ಎಂದಿದ್ದರೆ ನಿಮ್ಮ ಮಗಳು ಸರಿ. ಪ್ರಶ್ನೆಪತ್ರಿಕೆ ಹಿಡಿದುಕೊಂಡು ಹೋಗಿ ಸಮಾಧಾನವಾಗಿ ಕೇಳಿ. ಜಗಳ ಬೇಡ. ನಾನೂ ಒಮ್ಮೆ ಇಂಥ ತಪ್ಪು ಮಾಡಿದ್ದೇನೆ, ಅದು ಇನ್ನೂ ಮನಸ್ಸಿಗೆ ಚುಚ್ಚುತ್ತದೆ. 'ಭೂಮಿ ತಿರುಗುವುದು ನಿಂತರೆ ಮನುಷ್ಯರಿಗೆ ಏನಾಗುತ್ತದೆ?' ಎಂದು ಕೇಳಿದ್ದೆ. ಥಟ್ಟನೆ ನಿಂತರೋ, ನಿಧಾನವಾಗಿ ನಿಂತರೋ ಎಂದು ಬರೆಯಲಿಲ್ಲ. ಬೆಂಗಳೂರಿನಲ್ಲಿ ನೆಲ ಗಂಟೆಗೆ 1600 ಕಿ.ಮೀ.ಗೂ ಮಿಗಿಲಾದ ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ಥಟ್ಟನೆ ನಿಂತರೆ ಮನುಷ್ಯರು, ಗಾಳಿ, ಕೆರೆಯ ನೀರು ಎಲ್ಲ ಆ ವೇಗದಲ್ಲೇ ಪೂರ್ವಕ್ಕೆ ಎರಚಿಹೋಗುತ್ತವೆ. ನಿಧಾನವಾಗಿ ನಿಂತರೆ ಯಾರೂ ಬೀಳುವುದಿಲ್ಲ, ಆರು ತಿಂಗಳು ಹಗಲು, ಆರು ತಿಂಗಳು ರಾತ್ರಿ. ಒಬ್ಬ ಹುಡುಗಿ ಎರಡನೆಯದನ್ನು ಬರೆದಿದ್ದಳು. ನಾನು ಮೊದಲನೆಯದನ್ನೇ ಸರಿಯೆಂದು ಹಿಡಿದು ಅವಳ ಅಂಕ ಕಳೆದೆ. ಅವಳು ಬಂದು ಕೇಳಿದ ಮೇಲೆ ತಿದ್ದಿಕೊಟ್ಟೆ. ಅವಳು ಕೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಮನೆಯಲ್ಲಿ ಏನು ಮಾಡಬಹುದು ಎಂದಿರಿ. ಗೈಡು, ಟ್ಯೂಷನ್ ಏನೂ ಬೇಡ. ಒಂದು ಹಾಳೆ, ನಡುವೆ ಒಂದು ಗೆರೆ. ಎಡಕ್ಕೆ 'ಬದಲಾದದ್ದು', ಬಲಕ್ಕೆ 'ಬದಲಾಗದ್ದು'. ಹೋದ ಭಾನುವಾರ ನನ್ನ ಮೊಮ್ಮಗಳ ಜೊತೆ ಮಾಡಿದ್ದನ್ನು ಹೇಳುತ್ತೇನೆ, ಅವಳಿಗೆ ಹದಿಮೂರು. 'ನಾಳೆಯಿಂದ ಮನುಷ್ಯರಿಗೆ ನಿದ್ದೆಯೇ ಬೇಕಾಗದಿದ್ದರೆ?' ಎಂದು ಕೇಳಿದೆ. ಎಡಗಡೆ 'ನಿದ್ದೆ ಬೇಡ' ಎಂದು ಬರೆದಳು. ಅದರ ಕೆಳಗೇ 'ಸುಸ್ತಾಗಲ್ಲ' ಎಂದು ಸೇರಿಸಿದಳು. "ಅದನ್ನು ಯಾರು ಹೇಳಿದ್ರು?" ಎಂದೆ. ಪೆನ್ಸಿಲ್ ಕಚ್ಚಿಕೊಂಡು ಸ್ವಲ್ಪ ಹೊತ್ತು ಕೂತಳು. "ನಿದ್ದೆ ಬೇಡ ಅಂತ ಮಾತ್ರ ಹೇಳಿದ್ದು ಅಲ್ವಾ ತಾತ, ಮೂಟೆ ಹೊತ್ರೆ ಸುಸ್ತಾಗುತ್ತೆ" ಎಂದು ತಾನೇ ಅಳಿಸಿದಳು. ಬಲಗಡೆ ಪಟ್ಟಿ ಬೆಳೆಯುತ್ತಾ ಹೋಯಿತು. ದಿನಕ್ಕೆ 24 ಗಂಟೆ. ಸೂರ್ಯ ಮುಳುಗುವ ಹೊತ್ತು. ಹಸಿವು. ಆಗ ಅವಳಿಗೇ ಹೊಳೆಯಿತು. ನಿದ್ದೆಯಲ್ಲಿ ದೇಹ ಎಚ್ಚರವಿದ್ದಾಗಿನಷ್ಟು ಶಕ್ತಿ ಖರ್ಚು ಮಾಡುವುದಿಲ್ಲ, ಹಾಗಾದರೆ ಎಲ್ಲರಿಗೂ ಊಟ ಜಾಸ್ತಿ ಬೇಕು, ಅಕ್ಕಿ ರಾಗಿ ಜಾಸ್ತಿ ಬೆಳೆಯಬೇಕು. ಮೆಟ್ರೊ ರಾತ್ರಿಯಿಡೀ ಓಡಿಸಬಹುದು ಎಂದಳು. ಒಂದು ನಿಮಿಷ ಬಿಟ್ಟು, "ಆದ್ರೆ ಹಳಿ ರಿಪೇರಿ ಯಾವಾಗ ಮಾಡ್ತಾರೆ?" ಎಂದು ತಾನೇ ಕೇಳಿದಳು. ಆ ಪ್ರಶ್ನೆ ಹುಟ್ಟಿದ್ದು ಬಲಗಡೆಯ ಪಟ್ಟಿಯಿಂದ. ಹಳಿ ಸವೆಯುವುದು ಬದಲಾಗಿಲ್ಲವಲ್ಲ.

ಎಡಗಡೆ ಒಂದೇ ಸಾಲು ಇರಬೇಕು ಎಂಬ ಕಟ್ಟುನಿಟ್ಟನ್ನು ಮಾತ್ರ ಬಿಡಬೇಡಿ. ಎರಡನೆಯ ಸಾಲು ಬಂದಾಗಲೆಲ್ಲ 'ಇದನ್ನು ಯಾರು ಹೇಳಿದ್ರು?' ಎಂದು ಕೇಳಿ, ಉತ್ತರ ನೀವು ಹೇಳಿಕೊಡಬೇಡಿ. ಓದುವಾಗ ಊಹೆಯ ವಾಕ್ಯದಲ್ಲಿ 'ಆಗುತ್ತದೆ' ಕಂಡರೆ ಅದರ ಮೇಲೆ ಪೆನ್ಸಿಲ್ಲಿನಲ್ಲಿ 'ಆಗುತ್ತಿತ್ತು' ಎಂದು ಬರೆದುಕೊಂಡು ಇನ್ನೊಮ್ಮೆ ಓದಲಿ. ವಾರಕ್ಕೆ ಒಂದು ಸಾಕು, ಅಡುಗೆ ಮಾಡುತ್ತಲೇ ಮಾಡಿಸಬಹುದು. ಮನೆಯವರನ್ನೂ ಕೂರಿಸಿಕೊಳ್ಳಿ. ಅವರು 'ಆಗದ ಹೋಗದ ಮಾತು' ಎಂದು ತಕರಾರು ತೆಗೆಯುವುದೇ ಆಟಕ್ಕೆ ಒಳ್ಳೆಯದು, ಅಂಥವರು ಬಲಗಡೆಯ ಪಟ್ಟಿ ಚೆನ್ನಾಗಿ ತುಂಬಿಸುತ್ತಾರೆ.

ಮೊದಲ ಅಭ್ಯಾಸ ನಾನೇ ಕೊಡುತ್ತೇನೆ. ಆ ಗೋಲಿ ಸಿಡಿಯದೆ ಹಾಗೇ ಉಳಿಯಿತು ಎಂದಿಟ್ಟುಕೊಳ್ಳಿ. ಅದನ್ನು ತುಂಬಿದ ಕನ್ನಂಬಾಡಿ ಕಟ್ಟೆಯೊಳಗೆ ಬಿಟ್ಟರೆ ನೀರಿನ ಮಟ್ಟ ಎಷ್ಟು ಏರುತ್ತಿತ್ತು? ಗೋಲಿ ಎಲ್ಲಿಗೆ ಹೋಗಿ ನಿಲ್ಲುತ್ತಿತ್ತು? ನಿಮ್ಮ ಮಗಳು ಬರೆದ ಉತ್ತರವನ್ನು, ಅಳಿಸಿದ ಸಾಲುಗಳ ಸಮೇತ, ನನಗೆ ಕಳಿಸಿ.